ರೋಮಾಪುರದವರ ಪತ್ರಿಕೆಯೊಳಗ ನಡುವೆ ಪ್ರಶ್ನೆ ಕೇಳೋರು ಯಾರು?

ಪ್ರಶ್ನೆ (ವಿಜಯಪುರದಿಂದ)
ಬೈಬಲ್‌ನ ಹೊಸ ಒಡಂಬಡಿಕೆಯೊಳಗ ಪೌಲ ರೋಮಿನ ಕ್ರೈಸ್ತರಿಗೆ ಬರೆದ ಈ ಪತ್ರಿಕೆಯನ್ನು (ಪತ್ರವನ್ನು) ಎರಡು ದನಿಯಲ್ಲಿ ಓದಿಸಬೇಕು: ಒಬ್ಬರು ಪೌಲ, ಒಬ್ಬರು ಎದುರಾಳಿ. 3ನೇ ಅಧ್ಯಾಯಕ್ಕೆ ಬಂದರ ಯಾರ ಮಾತು ಎಲ್ಲಿ ಮುಗೀತದೋ ತಿಳೀವಲ್ದು. ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತ (ಅದಕ್ಕೆ ಕೊಡುವ ಉತ್ತರ) ಅಂತ ಬ್ಯಾರೆ ಮಾಡಿದ್ರ ನಡೀತದೇನ್ರಿ?

ಉತ್ತರ (ಬೆಳಗಾವಿಯಿಂದ)
ಅರ್ಧ ನಡೀತೈತ್ರಿ. ಪೂರ್ವಪಕ್ಷದ ಹಿಂದೆ ಸಾಮಾನ್ಯವಾಗಿ ಒಂದು ಮತ ಇರುತ್ತದೆ. ಇಲ್ಲಿರುವುದು ಗ್ರೀಕರ ಡಯಟ್ರಿಬ್, ಅಂದ್ರ ಪ್ರಶ್ನೋತ್ತರದ ಧಾಟಿಯ ಪಾಠ. ಗ್ರೀಕ್ ತತ್ವಜ್ಞಾನಿ ಎಪಿಕ್ಟೀಟಸ್‌ನ ಪಾಠಗಳ ತುಂಬ ಇದೇ ಧಾಟಿ. ಎದುರಿಗಿರುವವನು ಗುರು ತಾನೇ ಕಲ್ಪಿಸಿಕೊಂಡ ಶಿಷ್ಯ.

ಮೊದಲು ಗ್ರೀಕಿನ ‘ಮೆ ಗೆನೊಯ್ತೊ’ ಹುಡುಕಿರಿ. ‘ಹಾಗಾಗದಿರಲಿ’ ಅಂತ ಅರ್ಥ, ಈ ಪತ್ರಿಕೆಯಲ್ಲಿ 10 ಸಲ ಬರುತ್ತದೆ. ಅದು ಸಾಮಾನ್ಯವಾಗಿ ಪೌಲನ ದನಿ. ಅದಕ್ಕಿಂತ ಮುಂಚಿನ ಪ್ರಶ್ನೆ ಹೆಚ್ಚಾಗಿ ಆಕ್ಷೇಪ, ಅದರ ನಂತರ ಬರುವುದು ಕಾರಣ ಅಥವಾ ಮರುಪ್ರಶ್ನೆ. 6:1-2 (6ನೇ ಅಧ್ಯಾಯ, 1-2ನೇ ವಚನ) ನೋಡಿರಿ: ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೇ? ಹಾಗಾಗದಿರಲಿ. ಪಾಪಕ್ಕೆ ಸತ್ತವರು ಅದರಲ್ಲೇ ಬಾಳುವುದು ಹೇಗೆ? ಮೂರು ಪಟ್ಟು, ಮೂರೂ ಚೊಕ್ಕ. ಇದನ್ನು ಮೊದಲು ಓದಿಸಿ ಕಿವಿ ಪಳಗಿಸಿರಿ, ಆಮೇಲೆ 3ಕ್ಕೆ ಬರ್ರಿ.

2:1 ಮತ್ತು 9:20ರಲ್ಲಿ ‘ಎಲೈ ಮನುಷ್ಯನೇ’ ಅಂತ ಏಕವಚನದಲ್ಲಿ ಕರೀತಾನ. ಓದುವವರು ಅಲ್ಲಿ ಸಭೆಯ ಕಡೆ ನೋಡದೆ ಎದುರಾಳಿಯ ಕಡೆ ತಿರುಗಬೇಕು.

ತಪ್ಪುವುದು ಎಲ್ಲಿ ಅಂದ್ರ, ಪ್ರಶ್ನೆ ಕಂಡಲ್ಲೆಲ್ಲ ಎದುರಾಳಿಗೆ ಕೊಟ್ಟುಬಿಡೋದು. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಯಾರ ಮಾತು ಅಂತ ತೋರಿಸುವ ಉದ್ಧರಣ ಚಿಹ್ನೆ ಇಲ್ಲ. 3:5ರಲ್ಲಿ ಪ್ರಶ್ನೆ ಕೇಳಿದ ಮೇಲೆ ‘ಮನುಷ್ಯರ ರೀತಿಯಲ್ಲಿ ಮಾತಾಡುತ್ತಿದ್ದೇನೆ’ ಅಂತ ಪೌಲನೇ ಒಪ್ಪಿಕೊಳ್ತಾನ. ಅದು ಅವನ ಬಾಯಲ್ಲೇ ಇರಲಿ. 3:1-9ರ ಹಂಚಿಕೆಯಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಒಂದು ಕ್ರಮ ಹಿಡಿದು ಪೂರ್ತಿ ಅದಕ್ಕೇ ಅಂಟಿಕೊಳ್ಳಿರಿ.

ಉತ್ತರ (ಬಾಗಲಕೋಟೆಯಿಂದ)
ಮೇಲಿನ ಸೂತ್ರವನ್ನು ಪೌಲನ ಇನ್ನೊಂದು ಪತ್ರವಾದ ಗಲಾತ್ಯದವರ ಪತ್ರಿಕೆಗೂ ಹಚ್ಚುವವರು 6:14ರಲ್ಲಿ ಎಡವುತ್ತಾರೆ. ‘ಮೆ ಗೆನೊಯ್ತೊ’ ಅಲ್ಲೂ ಇದೆ, ಆದರೆ ಹಿಂದೆ ಪ್ರಶ್ನೆಯೇ ಇಲ್ಲ, ವಾಕ್ಯದೊಳಗೇ ಕೂಡಿಕೊಂಡಿದೆ.

ಇನ್ನೊಂದು. ರೋಮಾ 5:3-4 ನಮ್ಮ ಕಾರಣಮಾಲೆ ಅಲಂಕಾರವೇ. ಥ್ಲಿಪ್ಸಿಸ್ (ಕಷ್ಟ), ಹುಪೊಮೊನೆ (ತಾಳ್ಮೆ), ದೊಕಿಮೆ (ಪುಟಕ್ಕಿಟ್ಟ ಗುಣ), ಎಲ್ಪಿಸ್ (ನಿರೀಕ್ಷೆ): ಒಂದರ ಫಲವೇ ಮುಂದಿನದಕ್ಕೆ ಕಾರಣ. ಗ್ರೀಕಿನಲ್ಲಿ ‘ಹುಟ್ಟಿಸುತ್ತದೆ’ ಎಂಬ ಕ್ರಿಯಾಪದ ಒಂದೇ ಸಲ ಬರುತ್ತದೆ. ಕನ್ನಡದಲ್ಲಿ ಪ್ರತಿ ಕೊಂಡಿಗೂ ಅದನ್ನು ಸೇರಿಸಿದರೆ ಓಟ ಕುಂಟುತ್ತದೆ. ‘ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪುಟಕ್ಕಿಟ್ಟ ಗುಣ, ಆ ಗುಣದಿಂದ ನಿರೀಕ್ಷೆ’ ಅಂದ್ರ ಸಾಕು, ಒಂದೇ ಉಸಿರಿಗೆ ಬರ್ತದ.

ಪ್ರಶ್ನೆ ಕೇಳಿದವರು
3:5 ಎದುರಾಳಿಗೆ ಹೋಗಿತ್ತು, ತಿದ್ದಿದೆ. 7:7ರ ‘ಧರ್ಮಶಾಸ್ತ್ರ ಪಾಪವೋ?’ ಆಕ್ಷೇಪ ಅಂತ ಇಟ್ಕೋಬಹುದಲ್ರಿ?

ಉತ್ತರ (ಬೆಳಗಾವಿಯಿಂದ)
ಇಟ್ಕೋರಿ, ಬೆನ್ನಿಗೇ ‘ಹಾಗಾಗದಿರಲಿ’ ಐತಿ. ಆದ್ರ ಅದರ ಮುಂದಿನ ವಚನಗಳಲ್ಲಿ ಬರುವ ‘ನಾನು’ ಯಾರು ಅನ್ನೋದು ಬ್ಯಾರೆ ಜಗಳ.