ಯಮನಾಕಾ: ಕಲ್ಲೇ ಇಲ್ಲದ ಜಪಾನಿ ಕೋಟೆಯ ಅವಶೇಷಗಳ ಬಗ್ಗೆ ತಿಳಿಯಬೇಕಾಗಿದೆ

ಪ್ರಶ್ನೆ: ಸಾಧನಕೇರಿ ಓದುಗ, ಧಾರವಾಡ

ಬಲ್ಲವರಲ್ಲಿ ಒಂದು ವಿನಂತಿ. ಜಪಾನಿನ ಶಿಜುವೋಕಾ ಪ್ರಾಂತ್ಯದಲ್ಲಿ ನೌಕರಿಯಲ್ಲಿರುವ ನನ್ನ ಮಗಳು ಮಿಶಿಮಾ ನಗರದ ಬಳಿಯಿರುವ ಯಮನಾಕಾ ಕೋಟೆಯ ಚಿತ್ರಗಳನ್ನು ಕಳುಹಿಸಿದ್ದಾಳೆ. ಜಪಾನಿನ ಕೋಟೆಯೆಂದೊಡನೆ ಹಿಮೆಜಿಯಂಥ ಬಿಳಿ ಗೋಡೆಯ, ಅಂತಸ್ತಿನ ಮೇಲೆ ಅಂತಸ್ತೇರಿದ ಕಟ್ಟಡ ಕಣ್ಣಮುಂದೆ ಬರುತ್ತದೆ. ಇಲ್ಲಿ ಅದಾವುದೂ ಇಲ್ಲ. ಹುಲ್ಲು ಹೊದ್ದ ದಿಬ್ಬಗಳು, ಅವುಗಳ ನಡುವೆ ಅಳಗುಳಿಮಣೆಯ ಗುಳಿಗಳಂತೆ ಸಾಲಾಗಿ ತೋಡಿದ ಚೌಕ ಹೊಂಡಗಳು, ಹಿನ್ನೆಲೆಯಲ್ಲಿ ಫುಜಿ ಪರ್ವತ, ಇಷ್ಟೇ. ನಮ್ಮ ಓದುಗರ ಬಳಗದಲ್ಲಿ ಈ ಚಿತ್ರಗಳನ್ನಿಟ್ಟುಕೊಂಡು ನಾನು ಮಾತನಾಡಬೇಕಾಗಿದೆ. ಗೋಡೆಯ ಕಲ್ಲುಗಳನ್ನು ಯಾರಾದರೂ ಕಿತ್ತು ಸಾಗಿಸಿದರೋ, ಮೊದಲಿನಿಂದಲೂ ಇರಲಿಲ್ಲವೋ? ಈ ಹೊಂಡಗಳು ಕೋಟೆಯ ಕಾಲದವೋ, ಉದ್ಯಾನಕ್ಕೆಂದು ಈಚೆಗೆ ಮಾಡಿಸಿದವೋ? ಇಷ್ಟೆಲ್ಲ ಶ್ರಮಪಟ್ಟು ಕಟ್ಟಿದ ಕೋಟೆ ಅರ್ಧ ದಿನದಲ್ಲಿ ಬಿದ್ದಿತಂತೆ, ಅದು ಹೇಗೆ?

ಉತ್ತರ: ಇತಿಹಾಸ ಉಪನ್ಯಾಸಕ, ಗದಗ

ಕಲ್ಲನ್ನು ಯಾರೂ ಕದ್ದಿಲ್ಲ ಸರ್, ಅಲ್ಲಿ ಕಲ್ಲಿನ ಗೋಡೆ ಇರಲೇ ಇಲ್ಲ. ಎತ್ತರದ ಕಲ್ಲಿನ ಅಡಿಪಾಯ, ಅದರ ಮೇಲೊಂದು ಬಹುಮಹಡಿ ಕಟ್ಟಡ ಎಂಬ ರೂಪ ಜಪಾನಿನಲ್ಲಿ ನೆಲೆಗೊಂಡದ್ದು ಹದಿನಾರನೆಯ ಶತಮಾನದ ಕೊನೆಯ ದಶಕಗಳಲ್ಲಿ. ಅದಕ್ಕೂ ಮುಂಚಿನ ಕೋಟೆಗಳಲ್ಲಿ ಬಹುಪಾಲು ಗುಡ್ಡವನ್ನು ಕಡಿದು, ಕಂದಕ ತೋಡಿ, ತೆಗೆದ ಮಣ್ಣನ್ನು ಏರಿಯಾಗಿ ಪೇರಿಸಿ, ಮೇಲೆ ಮರದ ಬೇಲಿ ಹಾಗೂ ಕಾವಲು ಅಟ್ಟಣಿಗೆ ಕಟ್ಟಿದಂಥವು. ಮರ ಹೋಗುತ್ತದೆ, ಮಣ್ಣು ಉಳಿಯುತ್ತದೆ. ಆದ್ದರಿಂದ ನಿಮ್ಮ ಮಗಳು ತೆಗೆದಿರುವುದು ಕೋಟೆ ಅಳಿದು ಉಳಿದ ಬಯಲಿನ ಚಿತ್ರವಲ್ಲ, ಕೋಟೆಯದೇ ಚಿತ್ರ.

ಒಡವಾರಾವನ್ನು ರಾಜಧಾನಿ ಮಾಡಿಕೊಂಡು ಪೂರ್ವ ಜಪಾನಿನ ಬಹುಭಾಗವನ್ನು ಆಳಿದ ಹೋಜೋ ಮನೆತನದವರು 1560ರ ದಶಕದಲ್ಲಿ ಇದನ್ನು ಕಟ್ಟಿಸಿದರು. ಹಕೋನೆ ಬೆಟ್ಟಸಾಲಿನ ಪಶ್ಚಿಮ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 580 ಮೀಟರ್ ಎತ್ತರದಲ್ಲಿ, ಕ್ಯೋಟೋ ಕಡೆಯಿಂದ ಪೂರ್ವಕ್ಕೆ ಬರುವ ಹೆದ್ದಾರಿಯನ್ನು ತನ್ನ ನಡುವೆಯೇ ಹಾಯಿಸಿಕೊಳ್ಳುವಂತೆ ಕೋಟೆಯನ್ನು ನಿಲ್ಲಿಸಿದ್ದರಿಂದ, ಒಡವಾರಾಕ್ಕೆ ಹೋಗಬೇಕಾದ ಸೈನ್ಯ ಇದನ್ನು ಬಳಸಿ ಹೋಗುವುದು ಕಷ್ಟವಿತ್ತು. 1589ರಲ್ಲಿ ನಗುರುಮಿ ಎಂಬ ಇನ್ನೊಂದು ಕೋಟೆಯನ್ನು ಹೋಜೋಗಳ ಕಡೆಯವರು ಕಸಿದುಕೊಂಡದ್ದು ಜಪಾನನ್ನೆಲ್ಲ ತನ್ನ ಆಳ್ವಿಕೆಯಡಿ ಒಂದುಗೂಡಿಸುತ್ತಿದ್ದ ತೊಯೊತೊಮಿ ಹಿದೆಯೋಶಿಗೆ ಯುದ್ಧ ಹೂಡಲು ನೆಪವಾಯಿತು. 1590ರಲ್ಲಿ, ಅಲ್ಲಿಯ ಚಾಂದ್ರಮಾನ ಪಂಚಾಂಗದ ಮೂರನೆಯ ತಿಂಗಳ 29ರಂದು, ಅವನ ಸೋದರಳಿಯ ಹಿದೆತ್ಸುಗುವಿನ ಮುಂದಾಳತ್ವದಲ್ಲಿ ಸುಮಾರು 70,000 ಜನರ ಸೈನ್ಯ ಮೇಲೆ ಬಿದ್ದಿತು. ಒಳಗಿದ್ದವರು ಸುಮಾರು 4,000. ಅರ್ಧ ದಿನದ ಲೆಕ್ಕ ಇಲ್ಲಿಯೇ ಸಿಗುತ್ತದೆ.

ಹೊಂಡಗಳು ಕೋಟೆಯ ಕಾಲದವೇ. 1934ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. 1973ರಿಂದ ಮಿಶಿಮಾ ನಗರಾಡಳಿತ ಉತ್ಖನನ ಮಾಡಿಸಿದಾಗ ಅವು ಸ್ಪಷ್ಟವಾಗಿ ಹೊರಬಂದವು. ಆಮೇಲೆ ಮೂಲ ಮೈ ಸವೆಯದಿರಲೆಂದು ಅದರ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದ್ದಾರೆ. ಚಿತ್ರಗಳಲ್ಲಿ ಅಷ್ಟು ನುಣುಪಾಗಿ, ನಿರಪಾಯವಾಗಿ ಕಾಣುವುದು ಈ ಹುಲ್ಲಿನಿಂದ.

ಉತ್ತರ: ಸಿವಿಲ್ ಎಂಜಿನಿಯರ್, ವಿದ್ಯಾನಗರ, ಹುಬ್ಬಳ್ಳಿ

ಮೇಲಿನ ಉತ್ತರಕ್ಕೆ ಮಣ್ಣಿನ ಮಾತನ್ನು ಸೇರಿಸಬೇಕು. ಅಲ್ಲಿರುವುದು ಜ್ವಾಲಾಮುಖಿಯ ಬೂದಿ ಕಾಲಾಂತರದಲ್ಲಿ ಕೊಳೆತು ಆದ ಕಂದು ಜೇಡಿ. ಕಡಿದರೆ ಕಡಿದಂತೆ ಕಡಿದಾಗಿ ನಿಲ್ಲುವುದು, ನೆನೆದರೆ ಕಾಲಿಡಲಾಗದಂತೆ ಜಾರುವುದು ಇದರ ಗುಣ, ಮತ್ತು ಕೋಟೆ ಕಟ್ಟಿದವರು ಈ ಎರಡನ್ನೂ ಬಳಸಿಕೊಂಡಿದ್ದಾರೆ. ಕಂದಕವನ್ನು ಒಂದೇ ಸಮನೆ ತೋಡದೆ, ನಡುನಡುವೆ ಮಣ್ಣಿನ ಅಡ್ಡಗೋಡೆಗಳನ್ನು ಕಡಿಯದೆ ಬಿಟ್ಟಿದ್ದಾರೆ. ತಳದಿಂದ ಅವುಗಳ ಎತ್ತರ ಸುಮಾರು ಎರಡು ಮೀಟರ್. ಹುಲ್ಲಿಲ್ಲದ, ಮಳೆಗೆ ತೊಯ್ದ ಆ ಇಳಿಜಾರನ್ನು ಕಲ್ಪಿಸಿಕೊಳ್ಳಿ. ಒಳಗೆ ಜಾರಿ ಬಿದ್ದ ಸೈನಿಕ ಕಂದಕದ ಉದ್ದಕ್ಕೆ ಓಡಿ ದಾರಿ ಹುಡುಕುವಂತಿಲ್ಲ, ತಾನು ಬಿದ್ದ ಹೊಂಡದಿಂದ ಹತ್ತಿ ಹೊರಬರಬೇಕು, ಹತ್ತುವಷ್ಟು ಹೊತ್ತೂ ಮೇಲಿನ ಏರಿಯಿಂದ ಬಾಣ ಮತ್ತು ಬಂದೂಕಿಗೆ ಗುರಿಯಾಗಿರುತ್ತಾನೆ. ಅಡ್ಡಗೋಡೆಯ ಮೇಲೆ ನಡೆದು ದಾಟುತ್ತೇನೆಂದರೆ ಒಬ್ಬರ ಹಿಂದೊಬ್ಬರು ಬರಬೇಕಾಗುತ್ತದೆ.

ನವಲಗುಂದ, ನರಗುಂದದ ಕಡೆಯ ಎರೆಭೂಮಿಯಲ್ಲಿ ಇಂಥದನ್ನು ಮಾಡಿದ್ದರೆ ನಾಲ್ಕು ಮಳೆಗಾಲವೂ ಬಾಳುತ್ತಿರಲಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ತೆಳುವಾದ ಅಡ್ಡಗೋಡೆ ಕುಸಿದು ಕಂದಕವೇ ತುಂಬಿಹೋಗುತ್ತದೆ.

ಉತ್ತರ: ಶಿಗ್ಗಾವಿ ಮಾಸ್ತರ

ಉಪನ್ಯಾಸಕರು ಕೊಟ್ಟ ಲೆಕ್ಕ ಸರಿಯೇ, ಆದರೆ ಜನಬಲದ ಅಂತರವೊಂದನ್ನೇ ಕಾರಣವೆಂದು ಹೇಳಿ ಮುಗಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಮ್ಮ ಧಾರವಾಡದ ಕೋಟೆಯನ್ನೇ ನೋಡಿ. ಅದೂ ಬಹುಮಟ್ಟಿಗೆ ಮಣ್ಣಿನ ಗೋಡೆ, ಕಂದಕಗಳ ಕೋಟೆ. 1790ರಲ್ಲಿ ಪರಶುರಾಮ ಭಾವು ಪಟವರ್ಧನರ ಮರಾಠಾ ದಂಡು, ಜೊತೆಗೆ ಇಂಗ್ಲಿಷರ ಒಂದು ತುಕಡಿ ಮುತ್ತಿಗೆ ಹಾಕಿದಾಗ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ತಿಂಗಳುಗಟ್ಟಲೆ ತಡೆದು ನಿಂತು, 1791ರ ಏಪ್ರಿಲ್‌ನಲ್ಲಷ್ಟೇ ಕೋಟೆ ಬಿಟ್ಟುಕೊಟ್ಟ. ಮುತ್ತಿಗೆ ಹಾಕಿದವರಿಗೆ ತೋಪು, ಮದ್ದುಗುಂಡುಗಳ ಪೂರೈಕೆ ಸಾಲದೆ ಹೋದದ್ದು ಅದಕ್ಕೊಂದು ಕಾರಣ. ಹಿದೆಯೋಶಿಯ ಕಡೆಯವರು ಕಾದು ಕೂರಲಿಲ್ಲ, ಎಷ್ಟು ಜನ ಸತ್ತರೂ ಸರಿಯೆಂದು ಒಮ್ಮೆಲೇ ನುಗ್ಗಿದರು. ಅದರ ಬೆಲೆಯನ್ನೂ ತೆತ್ತರು: ಹಿತೋತ್ಸುಯಾನಗಿ ನಾವೊಸುಯೆ ಎಂಬ ಹಿರಿಯ ಸರದಾರನೇ ಕೋಟೆಯವರ ಗುಂಡಿಗೆ ಬಲಿಯಾದ. ಇದರ ಜೊತೆಗೆ, ಯುದ್ಧ ಹತ್ತಿರ ಬಂದಾಗ ಹೋಜೋಗಳು ಹೆದ್ದಾರಿಯ ಇನ್ನೊಂದು ಬದಿಗೆ ಅವಸರದಿಂದ ವಿಸ್ತರಿಸತೊಡಗಿದ ದೈಸಾಕಿ ಎಂಬ ಹೊರಕೋಟೆಯ ಕೆಲಸ ಅರ್ಧಕ್ಕೇ ನಿಂತಿತ್ತು. ಕಂದಕ ಎಷ್ಟೇ ಜಾಣತನದ್ದಾಗಿರಲಿ, ಅದರ ಮೇಲಿನ ಏರಿಯುದ್ದಕ್ಕೂ ಜನ ನಿಂತಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ; 4,000 ಜನ ಅಷ್ಟು ಹರಡಿದ ಕೋಟೆಗೆ ಸಾಲುವಂತಿರಲಿಲ್ಲ.

ನಮ್ಮ ಬಂಕಾಪುರದ ಕೋಟೆಗೆ ನವಿಲು ನೋಡಲು ಬರುವವರಲ್ಲಿ ಕಂದಕವನ್ನು ಕಂದಕವೆಂದು ನೋಡುವವರು ಕಡಿಮೆ ಎಂಬುದನ್ನೂ, ಪ್ರಸಂಗ ಬಂದದ್ದರಿಂದ, ಹೇಳಿಬಿಡುತ್ತೇನೆ.

ಪ್ರಶ್ನೆ ಕೇಳಿದವರಿಂದ: ಸಾಧನಕೇರಿ ಓದುಗ

ಎಲ್ಲರಿಗೂ ಧನ್ಯವಾದಗಳು. ಮಾಸ್ತರರ ವಾದ ನನಗೆ ಹೆಚ್ಚು ಒಪ್ಪಿಗೆಯಾಯಿತು. ಮಗಳು ಇನ್ನೊಮ್ಮೆ ಹೋಗುವವಳಿದ್ದಾಳೆ. ಯಾವುದರ ಚಿತ್ರ ತೆಗೆದರೆ ಬಳಗದವರಿಗೆ ವಿಷಯ ತಿಳಿದೀತು? ಕೋಟೆ ಬಿದ್ದ ಮೇಲೆ ಅಲ್ಲಿ ಯಾರೂ ನೆಲೆಸಲಿಲ್ಲವೇ?

ಉತ್ತರ: ಇತಿಹಾಸ ಉಪನ್ಯಾಸಕ, ಗದಗ

ಮಾಸ್ತರರ ತಿದ್ದುಪಡಿಯನ್ನು ಒಪ್ಪುತ್ತೇನೆ. ಅದೇ ವರ್ಷ ಒಡವಾರಾ ಶರಣಾದ ಬಳಿಕ ಯಮನಾಕಾಕ್ಕೆ ಕೆಲಸವೇ ಉಳಿಯಲಿಲ್ಲ. ಪಾಳುಬಿಟ್ಟದ್ದರಿಂದಲೇ ಹೋಜೋಗಳ ಕಾಲದ ಮಣ್ಣಿನ ಕೆಲಸ ಮೇಲೊಂದು ಹೊಸ ಕೋಟೆ ಬೀಳದೆ ಉಳಿಯಿತು. ಕೋಟೆಯ ಮೂರನೆಯ ಆವರಣದಲ್ಲಿ ಮಾತ್ರ ಹೆದ್ದಾರಿಯ ಬದಿಗೆ ಊರು ಬೆಳೆದಿದೆ. ಅಲ್ಲಿ ಸೋಕಾಂಜಿ ಎಂಬ ಬೌದ್ಧ ದೇವಾಲಯವಿದ್ದು, ಕೋಟೆಯನ್ನು ಕಾಯುತ್ತ ಸತ್ತ ಮತ್ಸುದಾ ಯಾಸುನಾಗಾ ಮತ್ತು ಕೋಟೆಗೆ ನುಗ್ಗುವಾಗ ಸತ್ತ ನಾವೊಸುಯೆ, ಇಬ್ಬರ ಸಮಾಧಿಗಳೂ ಒಂದೇ ಆವರಣದಲ್ಲಿವೆ. ಅದನ್ನು ತಪ್ಪದೆ ತೆಗೆಸಿ. ಪಶ್ಚಿಮದ ಆವರಣವನ್ನು ಸುತ್ತುವರಿದ ಚೌಕ ಹೊಂಡಗಳನ್ನು ಮೇಲಿನಿಂದ ತೆಗೆದರೆ ವಿನ್ಯಾಸ ಕಾಣುತ್ತದೆ, ಆಳ ಕಾಣುವುದಿಲ್ಲ. ದಾರಿ ಬಿಟ್ಟಿರುವ ಕಡೆ ಕೆಳಗಿಳಿದು, ಏರಿಯ ಮೇಲೆ ಯಾರನ್ನಾದರೂ ನಿಲ್ಲಿಸಿ, ಕೆಳಗಿನಿಂದ ಒಂದು ಚಿತ್ರ ತೆಗೆಯಲು ಹೇಳಿ. ಅಡ್ಡಗೋಡೆಗಳ ಮೇಲೆ ಮಾತ್ರ ಹತ್ತಬಾರದು. ಮಿಶಿಮಾ ನಿಲ್ದಾಣದಿಂದ ಹಕೋನೆ ಕಡೆಯ ಬಸ್ಸಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ.