ಕೆ+ಡಿಕ್ಯಾನ್ ಕೇಬಲ್ (ಬಿಎಂಡಬ್ಲ್ಯು ಕಾರನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿ ದೋಷ ಓದೋ ಕೇಬಲ್) ರಿಪೇರಿ ಮಾಡೋದಾ, ಹೊಸದು ತಗೊಳ್ಳೋದಾ? ಅನುಭವ ಇದ್ದೋರು ಹೇಳಿ

ಕೇಳಿದವರು: 2009ರ ಬಿಎಂಡಬ್ಲ್ಯು ಇ90ಗೆ ಲಾರಿ ಬ್ಯಾಟರಿಯಿಂದ 24 ವೋಲ್ಟ್ ಜಂಪ್ ಕೊಟ್ಟಾಗ ಕೇಬಲ್ ಸಿಕ್ಕಿಸಿಯೇ ಇತ್ತು. ಈಗ ಲ್ಯಾಪ್‌ಟಾಪಲ್ಲಿ ಕಾಮ್ ಪೋರ್ಟ್ ಬರುತ್ತೆ, ಹಳೇ ಕೆ-ಲೈನ್ ಕಾರು ಇ46 ಮಾತಾಡುತ್ತೆ, ಕ್ಯಾನ್ ತಂತಿ ಬಳಸೋ ಇ90 ಮಾತ್ರ ಉತ್ತರ ಕೊಡಲ್ಲ. ಓಬಿಡಿ ಪ್ಲಗ್‌ನ (ಕಾರಿಗೆ ಸಿಕ್ಕಿಸೋ ತುದಿ) 7, 8ನೇ ಪಿನ್ ಸೇರಿಸೋ ಸ್ವಿಚ್ ಇ90ಗೆ ಬೇಕಾದ ಹಾಗೆ ಆಫ್‌ನಲ್ಲೇ ಇದೆ.

ಬೆಸುಗೆ ಬೆಂಚ್: ನಮ್ಮ ಕೇಬಲ್ಲಲ್ಲಿ ಸತ್ತಿದ್ದು ಎಂಸಿಪಿ2551, ಕ್ಯಾನ್ ತಂತಿಗಳಲ್ಲಿ ಕಾರಿನ ಜೊತೆ ಮಾತಾಡೋ ಎಂಟು ಕಾಲಿನ ಐಸಿ. ಪಿನ್ 3ರಲ್ಲಿ 5 ವೋಲ್ಟ್ ಇತ್ತು, ಪಿನ್ 7ರಿಂದ ಗ್ರೌಂಡ್‌ಗೆ ಬರೀ 4 ಓಮ್. ಸರಿಯಿರೋ ಐಸಿಯಲ್ಲಿ ಸುಮ್ಮನಿದ್ದಾಗ ಪಿನ್ 6, 7 (ಕ್ಯಾನ್ ತಂತಿಗಳ ಕಾಲುಗಳು) ಎರಡೂ ಸುಮಾರು 2.5 ವೋಲ್ಟ್ ತೋರಿಸಬೇಕು. ಬೆಂಗಳೂರಿನ ಎಸ್.ಪಿ. ರೋಡಲ್ಲಿ ₹60ಕ್ಕೆ ಸಿಕ್ಕಿದ್ದು ಮೇಲಿನ ಬರಹ ಉಜ್ಜಿ ಹೊಸದಾಗಿ ಬರೆದ ಮಾಲು, 20 ನಿಮಿಷಕ್ಕೆ ಸುಟ್ಟೋಯ್ತು. ಎರಡನೇ ಸಲ ಅದೇ ಕೆಲಸದ ಟಿಜೆಎ1050, ₹110. ಕಾಲುಗಳ ಜಾಗ ಅದೇ, ಪಿನ್ 8 ಗ್ರೌಂಡ್‌ಗೆ ಹೋಗಿದೆಯಾ ನೋಡ್ಕೊಳ್ಳಿ. ಹಾಟ್ ಏರ್ 420 ಡಿಗ್ರಿ ಇಟ್ಟಿದ್ದಕ್ಕೆ ಒಂದು ಪ್ಯಾಡ್ (ಕಾಲು ಕೂರೋ ತಾಮ್ರದ ಚೂರು) ಎದ್ದು ಬಂತು, ಕೂದಲಷ್ಟು ತಂತಿ ಎಳೆದು ಉಳಿಸಿದ್ದು. 340 ಸಾಕು, ಫ್ಲಕ್ಸ್ ಧಾರಾಳವಾಗಿ ಹಾಕಿ. ಫ್ಲಕ್ಸ್ ₹180. ಒಟ್ಟು ₹350. ಹೊಸ ಕೇಬಲ್ ₹1,800 ಹೇಳ್ತಿದ್ರು.

ಅಸಲಿ ಚಿಪ್: ರಿಪೇರಿಗೆ ದುಡ್ಡು ಹಾಕೋ ಮೊದಲು ಕೇಬಲ್‌ನ ಯುಎಸ್‌ಬಿ ಚಿಪ್ ಎಫ್‌ಟಿ232ಆರ್‌ಎಲ್ ಅಸಲಿಯಾ ನೋಡಿ. 2014ರಲ್ಲಿ ಬಂದ ಡ್ರೈವರ್ ನಕಲಿ ಚಿಪ್‌ಗಳ ಪಿಐಡಿಯನ್ನ (ಕಂಪ್ಯೂಟರ್ ಚಿಪ್ಪನ್ನ ಗುರುತಿಸೋ ನಂಬರ್) 0000 ಮಾಡಿ ಕೂರಿಸಿತ್ತು. ಹಳೇ ಡ್ರೈವರ್ ಹಾಕಿ, ಎಫ್‌ಟಿ ಪ್ರಾಗ್ ಸಾಫ್ಟ್‌ವೇರಲ್ಲಿ ಮತ್ತೆ 6001 ಬರೆಯೋಕೆ ಎರಡು ರಾತ್ರಿ ಹೋಯ್ತು. ಕೊನೆಗೆ ₹430 ಕೊಟ್ಟು ಅಸಲಿ ಚಿಪ್ಪೇ ಕೂರಿಸಿದ್ದು. ಪೋರ್ಟ್ ಸೆಟ್ಟಿಂಗಲ್ಲಿ ಲೇಟೆನ್ಸಿ ಟೈಮರ್ (ಡೇಟಾ ಕಳಿಸೋ ಮೊದಲು ಕಾಯೋ ಸಮಯ) 16ರಿಂದ 1 ಮಿಲಿಸೆಕೆಂಡ್‌ಗೆ ಇಳಿಸಿ, ಇಲ್ಲದಿದ್ರೆ ಮಾಡ್ಯೂಲ್ ಓದೋವಾಗ ಅರ್ಧದಲ್ಲಿ ಕೈ ಕೊಡುತ್ತೆ.

ಬೆಸುಗೆ ಬೆಂಚ್: ಸ್ವಾಮಿ, ಪ್ರಶ್ನೆ ಓದಿದ್ರಾ? ಪೋರ್ಟ್ ಬರ್ತಿದೆ, ಇ46 ಮಾತಾಡ್ತಿದೆ. ಯುಎಸ್‌ಬಿ ಚಿಪ್ ಸತ್ತಿದ್ರೆ ಎರಡೂ ಆಗ್ತಿರಲಿಲ್ಲ.

ಅಸಲಿ ಚಿಪ್: ಇವತ್ತು ಬರುತ್ತೆ, ನಾಳೆ ಡ್ರೈವರ್ ಅಪ್‌ಡೇಟ್ ಆದಾಗ? ₹350ರ ಲೆಕ್ಕ ಹೇಳೋರು ಇದನ್ನೂ ಹೇಳ್ಬೇಕು.

ಓಮ್ ಶಾಂತಿ: ಬೆಂಚ್ ಅವರೇ, ಐಸಿ ತೆಗೆದ ಮೇಲೆ ಖಾಲಿ ಪ್ಯಾಡಲ್ಲಿ ಅಳೆದ್ರಾ? 2551ರ ಬಸ್ ಕಾಲುಗಳು ±42 ವೋಲ್ಟ್ ತಡೀತವೆ, ಬರೀ 24ಕ್ಕೆ ಸಾಯಬಾರದು. ಕ್ಲಾಂಪ್ ತೆಗೆಯೋವಾಗ ಏಳೋ ಸರ್ಜ್ ಕೊಲ್ಲೋದು. ಬೋರ್ಡಲ್ಲಿ ಟಿವಿಎಸ್ ಡಯೋಡ್ (ಸರ್ಜ್ ತಡೆಯೋ ಭಾಗ) ಇದ್ರೆ ಅದೂ ಶಾರ್ಟ್ ಆಗಿ ಅದೇ 4 ಓಮ್ ತೋರಿಸುತ್ತೆ. ಐಸಿ ತೆಗೆದ ಮೇಲೂ 4 ಓಮ್ ಉಳಿದ್ರೆ ತಪ್ಪು ಐಸಿಯದ್ದಲ್ಲ.

ಬೆಸುಗೆ ಬೆಂಚ್: ಅಳೆದೇ ಹೇಳ್ತಿರೋದು. ಐಸಿ ತೆಗೆದ ಮೇಲೆ ಓಪನ್ ಬಂತು, ಶಾರ್ಟ್ ಇರಲಿಲ್ಲ. ಆ ಬೋರ್ಡಲ್ಲಿ ಟಿವಿಎಸ್ ಇರಲೇ ಇಲ್ಲ.

ಓಮ್ ಶಾಂತಿ: ಹಾಗಾದ್ರೆ ಅದನ್ನ ಮೊದಲೇ ಬರೀಬೇಕಿತ್ತು. ಓದಿದೋರು ಸುಮ್ಮನೆ ಐಸಿ ಸುಟ್ಕೋತಾರೆ.

ಎಪ್ರಾಮ್ ಎದೆಗಾರ: ಎಲ್ಲರೂ ಕೇಬಲ್ ಅಂತೀರ, ಜನ ಇಸಿಯು (ಕಾರಿನ ಕಂಪ್ಯೂಟರ್) ಕೊಲ್ಲೋದು ಮೆಮೊರಿ ಚಿಪ್ ಓದಿ ಬರೆಯೋ ಸಿಎಚ್341ಎ ಕಪ್ಪು ಬೋರ್ಡಲ್ಲಿ. ಸಾಕೆಟ್‌ಗೆ 3.3 ಬರುತ್ತೆ, ಡೇಟಾ ಗೆರೆಗಳಲ್ಲಿ ಮಾತ್ರ 5 ವೋಲ್ಟ್. ಸಿಎಚ್341ಎ ಚಿಪ್‌ನ ಪಿನ್ 28 ಎತ್ತಿ, ಅದಕ್ಕೂ ಪಿನ್ 9ಕ್ಕೂ ಎಎಂಎಸ್1117 ರೆಗ್ಯುಲೇಟರ್‌ನ 3.3 ವೋಲ್ಟ್ ಕೊಡಿ. ಇಸಿಯು ಬೋರ್ಡಲ್ಲೇ ಕ್ಲಿಪ್ ಹಾಕಿ 95320 ಮೆಮೊರಿ ಐಸಿ ಓದಿದ್ರೆ ಪೂರಾ ಎಫ್‌ಎಫ್ (ಖಾಲಿ ಅನ್ನೋ ಹಾಗೆ) ಬರೋದು ಮಾಮೂಲು, ಯಾಕಂದ್ರೆ ಕ್ಲಿಪ್‌ನ ಕರೆಂಟನ್ನ ಇಡೀ ಬೋರ್ಡ್ ಕುಡೀತಿರುತ್ತೆ. ಐಸಿ ಬಿಚ್ಚಿ ಓದಿ, ಮೂರು ಸಲ, ಮೂರೂ ಫೈಲ್ ಹೋಲಿಸಿ.

ಅಸಲಿ ಚಿಪ್: 95320ರ ಕರೆಂಟ್ ಕಾಲು ಪಿನ್ 8 ಎತ್ತಿದ್ರೆ ಸಾಕು, ಬಿಚ್ಚೋದು ಯಾಕೆ?

ಎಪ್ರಾಮ್ ಎದೆಗಾರ: ಎತ್ತಿದ ಕಾಲು ಎರಡನೇ ಸಲಕ್ಕೆ ಬುಡದಲ್ಲೇ ಮುರಿಯುತ್ತೆ. ಆಮೇಲೆ ಕಸ್ಟಮರ್‌ಗೆ ಉತ್ತರ ನೀವು ಕೊಡ್ತೀರಾ?

ಕೇಳಿದವರು: ನನ್ನ ಕೇಬಲ್‌ನ ಕ್ಯಾನ್ ಐಸಿಯಲ್ಲಿ ಪಿನ್ 7ರಿಂದ ಗ್ರೌಂಡ್‌ಗೆ 6 ಓಮ್ ಬರ್ತಿದೆ. ಟಿವಿಎಸ್ ಎಲ್ಲಿರುತ್ತೆ?

ಓಮ್ ಶಾಂತಿ: ಓಬಿಡಿ ಪ್ಲಗ್‌ನ ಪಿನ್ 6, 14ರಿಂದ ಬರೋ ಕ್ಯಾನ್ ತಂತಿ ಬೋರ್ಡ್ ಮುಟ್ಟೋ ಜಾಗದಲ್ಲೇ, ಐಸಿಗಿಂತ ಮುಂಚೆ. ಮೂರು ಕಾಲಿನ ಪುಟ್ಟ ಕಪ್ಪು ತುಂಡು. ಅದನ್ನ ಮೊದಲು ತೆಗೆದು ಅಳೆಯಿರಿ. ಇನ್ನೊಂದು, ಟೆಸ್ಟ್ ಮಾಡೋಕೆ ಒಂಟಿ ಇಸಿಯುನ ಮೇಜಿನ ಮೇಲಿಟ್ರೆ 6, 14ರ ಮಧ್ಯೆ ಅಳೆದು ನೋಡಿ. 120 ಓಮ್ ಬಂದ್ರೆ ಎರಡರ ಮಧ್ಯೆ ಇನ್ನೊಂದು 120 ಓಮ್ ರೆಸಿಸ್ಟರ್ ಹಾಕಿ 60ಕ್ಕೆ ತನ್ನಿ.

ಬೆಸುಗೆ ಬೆಂಚ್: ಒಂದಡಿ ತಂತಿಗೆ ಬರೀ 120ರಲ್ಲೂ ಓಡುತ್ತೆ.

ಓಮ್ ಶಾಂತಿ: ಓದೋಕೆ ಓಡುತ್ತೆ. ಇಸಿಯುಗೆ ಬರೆಯೋದು ಅರ್ಧಕ್ಕೆ ನಿಂತ್ರೆ ₹5ರ ರೆಸಿಸ್ಟರ್ ಉಳಿಸಿದ್ದಕ್ಕೆ ಇಸಿಯು ಹೋಗುತ್ತೆ.