ಅಜ್ಜಿ ಮನ್ಯಾಗ ಸಿಕ್ಕ ಹಳೇ ಗಾಜಿನ ಹೂದಾನಿ, ಕೈ ಆಕಾರದ್ದು, ಎಲ್ಲಿ ಮಾಡಿದ್ದಿರಬಹುದು?

ಆನೆಗೊಂದಿ ಮೊಮ್ಮಗಳು:
ಎಲ್ಲಾರಿಗೂ ನಮಸ್ಕಾರ್ರಿ. ಆನೆಗೊಂದ್ಯಾಗ ನಮ್ಮಜ್ಜಿದು ಹಳೇ ಮನಿ ಐತಿ, ಅದನ್ನ ಖಾಲಿ ಮಾಡುಮುಂದ ಗ್ವಾಡಿ ಮಾಡದಾಗ ಎರಡು ಗಾಜಿನ ಹೂದಾನಿ ಸಿಕ್ಕಾವು. ಒಂದು ಕೈ ಹೂದಾನಿನ ಮುಷ್ಟ್ಯಾಗ ಹಿಡಕೊಂಡು ನಿಂತಂಗ ಮಾಡ್ಯಾರ, ಬೆರಳಿನ ಉಗುರು ಸೈತ ಕಾಣ್ತಾವ. ಬಣ್ಣ ಕಿತ್ತಳಿ, ಆದ್ರ ಬಿಸಿಲಿಗೆ ಹಿಡಿದ್ರ ನೇರಳಿ, ಹಸರು ಎಲ್ಲಾ ಬರ್ತಾವ, ಮಳಿನೀರಿನ ಮ್ಯಾಲ ಡೀಸೆಲ್ ಬಿದ್ದಾಗ ಹೊಳಿತೈತಲ್ರಿ ಹಂಗ. ಒಂದ್ರಾಗ ಅಜ್ಜಿ ಮನಿಪ್ಲಾಂಟ್ ಇಟ್ಟಿದ್ಲು, ಬೋರಿನ ನೀರಿಗೆ ಒಳಗೆಲ್ಲಾ ಬೆಳ್ಳಗ ಕಟ್ಟೈತಿ. ಗುಜರಿಯವ್ರು ಬಂದಾಗ ನಮ್ಮ ಮಾವ ಎರಡೂ ಕೂಡಿ 150 ರೂಪಾಯಿಗೆ ಕೊಡಾಕ ಹೊಂಟಿದ್ದ, ನಾನ ಕೊಡಗೊಡಲಿಲ್ಲ. ಇವು ಫಾರಿನ್ನಾವೇನ್ರಿ? ಬಿಳಿ ಪದರ ತೆಗಿಯೂದು ಹೆಂಗ?

ರಾಯಚೂರ ಹಳೇಸಾಮಾನು:
ಕೊಡದಿದ್ದದ್ದು ಭಾಳ ಛಲೋ ಆತು ತಂಗಿ. ರಾಯಚೂರು, ಕೊಪ್ಪಳ ಎರಡೂ 1948ರ ತನಕ ನಿಜಾಮರ ಕೈಯಾಗ ಇದ್ದವು, ಅದಕ್ಕ ನಮ್ಮ ಕಡೆ ಹಳೇ ವಾಡೇದಾಗ ಏನ ಗಾಜು ಸಿಕ್ರೂ ನಿಜಾಮರ ಕಾಲದಾಗ ಬೆಲ್ಜಿಯಂನಿಂದ ತರಿಸಿದ್ದು ಅಂದ ಬಿಡ್ತಾರ. ಹೆಸರು ಕೇಳಿ ನಂಬಬ್ಯಾಡ, ತಳ ನೋಡು. ಊದಿ ಮಾಡಿದ ಗಾಜಾದ್ರ ತಳಕ್ಕ ಅಂಟಿಸಿ ಹಿಡಿಯೂ ಕಬ್ಬಿಣದ ಸಲಾಕಿಯಿಂದ ಮುರದ ಗುರುತು ತಳದ ನಡುವ ಇರ್ತದ, ಇಲ್ಲಾಂದ್ರ ಅದನ್ನ ಉಜ್ಜಿ ನುಣ್ಣಗ ಮಾಡಿರ್ತಾರ. ಅಚ್ಚಿನಾಗ ಮಾಡಿದ್ದಾದ್ರ ಬದೀಗೆ ಮ್ಯಾಲಿಂದ ಕೆಳತನಕ ಸಣ್ಣ ಗೆರಿ ಬೆರಳಿಗೆ ಹತ್ತತದ. ಇನ್ನ ತಳದ ಅಂಚಿನಾಗ ಅಡ್ಡಾದಿಡ್ಡಿ ಸಣ್ಣ ಗೀರು ಅದಾವೇನು ನೋಡು, ವರ್ಷಗಟ್ಟಲೆ ಸರಿಸ್ಯಾಡಿದ್ರ ಅವು ಬಿದ್ದ ಬೀಳ್ತಾವ, ಎಲ್ಲಾ ಗೀರೂ ಒಂದ ದಿಕ್ಕಿಗೆ ಇದ್ರ ಯಾರೋ ಬೇಕಂತ ತಿಕ್ಯಾರ ಅಂತ ತಿಳಕೊ.

ಕೌಲ್‌ಬಜಾರ್ ಗಾಜು:
ಕೈ ಆಕಾರ ಅಂದ ತಕ್ಷಣ ನಂಗೆ ಖುಷಿ ಆಯ್ತು ಅಕ್ಕಾರೆ. ನೀವು ಹೇಳ್ತಿರೋದು ಕಾರ್ನಿವಲ್ ಗಾಜು, ಬಿಸಿ ಬಿಸಿ ಗಾಜಿನ ಮೇಲೆ ಲೋಹದ ಲವಣದ ನೀರು ಸಿಂಪಡಿಸ್ತಾರೆ, ಅದು ತೆಳ್ಳಗೆ ಕೂತು ಬಣ್ಣಬಣ್ಣ ಹೊಳೀತೈತೆ. 1907ರಲ್ಲಿ ಅಮೆರಿಕದ ಫೆಂಟನ್ ಕಂಪನಿ ಇದನ್ನ ಮಾರೋಕೆ ಶುರು ಮಾಡಿದ್ದು, ನಿಮ್ಮ ಕಿತ್ತಳೆ ಬಣ್ಣಕ್ಕೆ ಮಾರಿಗೋಲ್ಡ್ ಅಂತಾರೆ. ಆದ್ರೆ ಕೈ ಹೂದಾನಿ, ಮೀನು ಸುತ್ಕೊಂಡಿರೋ ಹೂದಾನಿ ಇವೆಲ್ಲ ನಮ್ಮ ದೇಶದ್ವೇ, ಉತ್ತರ ಪ್ರದೇಶದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್ ಅಂತ ಇತ್ತು, 1928ರಲ್ಲಿ ಛದಾಮಿ ಲಾಲ್ ಜೈನ್ ಅನ್ನೋರು ಶುರು ಮಾಡಿದ್ದು, 1986ರಲ್ಲಿ ಬಂದ್ ಆಯ್ತು. ನಮ್ಮಲ್ಲಿ ಜಾತ್ರೆಯಾಗೆ ಹಾಕಿಸ್ಕೊಳ್ಳೋ ಗಾಜಿನ ಬಳೆಗೂ ಅದೇ ಊರೇ ಹೆಸರುವಾಸಿ. (ಅದೇ ಛದಾಮಿ ಲಾಲ್ ಅವರು ಕಟ್ಟಿಸಿದ ಬಸದಿಯ ಬಾಹುಬಲಿ ಕೆತ್ತಿದೋರು ನಮ್ಮ ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈ, ಗೊತ್ತಿರ್ಲಿ.) ಕೆಲವು ಪೀಸಿನ ತಳದಾಗೆ ಜೈನ್ ಅಂತ ಇಂಗ್ಲಿಷ್ ಅಕ್ಷರ ಅಚ್ಚಾಗಿರ್ತೈತೆ, ಟಾರ್ಚ್ ಓರೆಯಾಗಿ ಹಿಡಿದು ನೋಡ್ರಿ. ಫಾರಿನ್ ಅಲ್ಲ ಅಂತ ಬೇಜಾರು ಮಾಡ್ಕೋಬೇಡ್ರಿ, ಆಸ್ಟ್ರೇಲಿಯಾ, ಇಂಗ್ಲೆಂಡಿನ ಕಲೆಕ್ಟರ್ಸ್ ಇವನ್ನ ಹುಡುಕಿ ತಗೊಳ್ತಾರೆ, ನಮ್ಮೋರು ಗುಜರಿಗೆ ಹಾಕ್ತಾರೆ, ನಂಗೆ ಹೊಟ್ಟೆ ಉರಿಯೋದೇ ಅದಕ್ಕೆ.

ಬಿಳಿ ಪದರಕ್ಕೆ ಬಿಳಿ ವಿನೆಗರ್ ಒಳಗೆ ಮಾತ್ರ ಹಾಕಿ ರಾತ್ರಿಯೆಲ್ಲ ಬಿಡ್ರಿ, ಬೆಳಿಗ್ಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಅಲ್ಲಾಡಿಸ್ರಿ. ಹೊರಗಡೆ ಹೊಳಪಿನ ಮೇಲೆ ವಿನೆಗರ್ ಚೆಲ್ಲಬೇಡ್ರಿ, ಪಾತ್ರೆ ತಿಕ್ಕೋ ಪುಡಿ, ಸ್ಕ್ರಬ್ಬರ್, ಬಾತ್ರೂಮ್ ಆಸಿಡ್ ಯಾವುದೂ ಬೇಡವೇ ಬೇಡ, ಆ ಬಣ್ಣ ಹೋದ್ರೆ ಮುಗೀತು.

ಆನೆಗೊಂದಿ ಮೊಮ್ಮಗಳು:
ಅಣ್ಣಾರ, ನೀವು ಹೇಳಿದಂಗ ಮಾಡಿದೆ, ಅರ್ಧಾ ಹೋತು ನೋಡ್ರಿ. ಇನ್ನೊಂದೀಟು ತೊಳದಾಗ ಕಾಣೂದಿಲ್ಲ, ಒಣಗಿದ ಮ್ಯಾಲ ಮತ್ತ ಮಬ್ಬ ಆಗತೈತಿ. ಬದೀಗೆ ಗೆರಿ ಐತಿ, ತಳದಾಗ ಗೀರೂ ಅದಾವ, ಹೆಸರು ಮಾತ್ರ ಇಲ್ಲ. ಇನ್ನೊಂದು ಈಗ ಗಮನಕ್ಕ ಬಂತು, ಒಂದು ಎಡಗೈ, ಒಂದು ಬಲಗೈ!

ರಾಯಚೂರ ಹಳೇಸಾಮಾನು:
ಇನ್ನೊಂದು ಸಲ ವಿನೆಗರ್ ಹಾಕಿ ನೋಡು ತಂಗಿ, ಅದಕ್ಕೂ ಹೋಗಲಿಲ್ಲಂದ್ರ ಅದು ಉಪ್ಪಿನ ಪದರಲ್ಲ, ಭಾಳ ವರ್ಷ ನೀರು ನಿಂತು ಗಾಜ ತಿಂದು ಹೋಗಿರ್ತದ, ಅದು ತೊಳದ್ರ ಹೋಗೂದಿಲ್ಲ. ತಿಕ್ಕಿ ಹಾಳ ಮಾಡಬ್ಯಾಡ, ಬಿಡು. ಮತ್ತ ನಮ್ಮ ಬ್ಯಾಸಿಗಿ ಗೊತ್ತಲ್ಲ, ಕಿಟಕಿ ಬಿಸಲಾಗ ಕಾದ ಗಾಜಿಗೆ ತಣ್ಣೀರು ಹಾಕಿದ್ರ ಟಪ್ ಅಂತ ಸೀಳತದ.

ಕೌಲ್‌ಬಜಾರ್ ಗಾಜು:
ಎಡ ಬಲ ಎರಡೂ ಐತಾ! ಹಂಗಾದ್ರೆ ಪಾಲು ಮಾಡೋವಾಗ ಮಾವನಿಗೊಂದು ನಿಮಗೊಂದು ಅಂತ ಮಾತ್ರ ಒಪ್ಕೋಬೇಡ್ರಿ, ಜೋಡಿ ಜೋಡಿಯಾಗೇ ಇರ್ಲಿ. ಹೆಸರಿಲ್ಲ ಅಂದ್ರೂ ಚಿಂತೆ ಇಲ್ಲ, ಎಲ್ಲದರ ಮೇಲೂ ಹಾಕ್ತಿರ್ಲಿಲ್ಲ. ರೇಟ್ ತಿಳೀಬೇಕಂದ್ರೆ ಆನ್‌ಲೈನ್‌ನಾಗೆ ಕೇಳ್ತಿರೋ ರೇಟ್ ನೋಡಬೇಡ್ರಿ, ಮಾರಾಟ ಆಗಿರೋ ರೇಟ್ ಮಾತ್ರ ನೋಡ್ರಿ. ಎರಡರದ್ದೂ ಎತ್ತರ ಅಳೆದು, ತಳದ ಫೋಟೋ ಹಗಲು ಬೆಳಕಿನಾಗೆ ತೆಗೆದು ಇಲ್ಲೇ ಹಾಕ್ರಿ, ನನ್ನ ಹತ್ರ ಒಂದು ಮೀನಿಂದು ಐತೆ, ಪಕ್ಕಕ್ಕಿಟ್ಟು ಹೋಲಿಸಿ ಹೇಳ್ತೀನಿ.